ಚಂದ್ರನಿಗೆ ಒಂದು ತಟ್ಟೆ

ಹುಣಸೆಹಣ್ಣಿನ ವಾಸನೆ ಬಡಿದರೆ ನನಗೆ ಬಾಯಲ್ಲಿ ನೀರೂರುವ ಮೊದಲು ಹೊಟ್ಟೆ ಉರಿಯುತ್ತದೆ. ಮೊನ್ನೆ ತುಮಕೂರಿನ ಸದಾಶಿವನಗರದ ಅಂಗಡಿಯವನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಹುಣಸೆ ಉಂಡೆ ಇಟ್ಟಾಗಲೂ ಹಾಗೇ ಆಯಿತು. ಗುಬ್ಬಿಯ ನಮ್ಮ ಮನೆ ಕಣ್ಣೆದುರಿಗೆ ಬಂತು. ಬೀದಿಗೆ ತೆರೆದ ಮುಂಭಾಗ ತಾತನ ಹುಣಸೆ ಮಂಡಿ, ಹಿಂದೆ ನಾವೆಲ್ಲ. ಮಂಡಿಯ ತೊಲೆಗೆ ಕಬ್ಬಿಣದ ದೊಡ್ಡ ತಕ್ಕಡಿ ತೂಗುಹಾಕಿತ್ತು. ಸಂತೆಯ ಹಿಂದಿನ ದಿನ ತಾತ ಅದರ ತಟ್ಟೆಗಳನ್ನು ಬೂದಿ ಹಾಕಿ ಉಜ್ಜಿ, ಮೇಲಿನ ಮುಳ್ಳಿಗೆ ಹರಳೆಣ್ಣೆ ಬಿಟ್ಟು, ಸರಾಗವಾಗಿ ಆಡುತ್ತದೋ ಇಲ್ಲವೋ ನೋಡಲು ಒಂದರಲ್ಲಿ ನನ್ನನ್ನೂ ಇನ್ನೊಂದರಲ್ಲಿ ತಂಗಿ ಸುಮಾಳನ್ನೂ ಕೂರಿಸುತ್ತಿದ್ದರು. ನಾನು ಗುಂಡುಗುಂಡಗೆ, ಅವಳು ಕಡ್ಡಿ. ನನ್ನ ತಟ್ಟೆ ದಢಾರೆಂದು ನೆಲಕ್ಕೆ ಕೂರುತ್ತಿತ್ತು. ಅವಳದು ತೇಲಿಕೊಂಡು ತಾತನ ಎದೆಯ ಮಟ್ಟಕ್ಕೆ ಹೋಗುತ್ತಿತ್ತು. ಅವರು ಅವಳನ್ನು ಬಾಚಿ ಎತ್ತಿಕೊಂಡು, ತಮ್ಮ ವಿಭೂತಿ ಹಣೆಯನ್ನು ಅವಳ ಹಣೆಗೆ ಒತ್ತುತ್ತಿದ್ದರು. ನನಗೆ ಮಾತ್ರ, "ನೀನು ಗಟ್ಟಿಗಿತ್ತಿ ಕಣೇ, ನೀನೇ ಇಳ್ಕೋ." ಒಂದೇ ಒಂದು ಸಲ ನನ್ನನ್ನೂ ಹಾಗೆ ಎತ್ತಿಕೊಳ್ಳಲಿ ಎಂದು ನಾನು ದೇವರಿಗೆಲ್ಲ ಕೈ ಮುಗಿದಿದ್ದೆ.

ಚಂದ್ರನ ಮೇಲೆ ನಮ್ಮ ತೂಕ ಆರನೇ ಒಂದು ಪಾಲಾಗುತ್ತದೆ, ಗುರುಗ್ರಹದಲ್ಲಿ ಎರಡೂವರೆ ಪಟ್ಟಾಗುತ್ತದೆ, ಎಳೆಯುವ ಬಲ ಒಂದೊಂದು ಕಡೆ ಒಂದೊಂದು ಥರ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮಂಡಿಗೆ ಓಡಿ ಬಂದು, "ತಾತ, ಚಂದ್ರನ ಮೇಲೆ ನಾನೂ ಹಗುರ!" ಎಂದೆ. ಹುಣಸೆಬೀಜದಲ್ಲಿ ಆಡುತ್ತಿದ್ದ ಸುಮಾ ತಲೆ ಎತ್ತಲಿಲ್ಲ. "ನಾನೂ ಬರ್ತೀನಲ್ಲ. ನಾನು ಇನ್ನೂ ಹಗುರ ಆಗ್ತೀನಿ. ಅಲ್ಲೂ ನೀನೇ ಕೆಳಗೆ." ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಮೈಯೆಲ್ಲ ಉರಿಯಿತು. "ಹಂಗಾದ್ರೆ ಇವಳನ್ನ ಗುರುಗ್ರಹಕ್ಕೆ ಕಳ್ಸು ತಾತ, ನಾನೊಬ್ಳೇ ಚಂದ್ರನ ಮೇಲೆ ಕೂರ್ತೀನಿ," ಎಂದು ಅತ್ತೆ. ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಷ್ಟುದ್ದದ ತಕ್ಕಡಿ ಯಾವ ಕುಲುಮೇಲಿ ಮಾಡಿಸ್ಲಿ? ಅಳ್ಬೇಡ ಬುಡು." ನಗುತ್ತಲೇ ಸುಮಾಳ ತಲೆ ಸವರಿದರು. ಅದನ್ನು ನಾನು ಮರೆತಿಲ್ಲ.

ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ತಕ್ಕಡಿ ಗುಜರಿಗೆ ಹೋಯಿತು. ಸುಮಾ ಮದುವೆಯಾಗಿ ಕುಣಿಗಲ್ ಸೇರಿದಳು. ಕಾಲು ಬಿದ್ದುಹೋದ ತಾತ ಕೊನೆಯ ದಿನಗಳನ್ನು ತುಮಕೂರಿನ ನನ್ನ ಮನೆಯಲ್ಲಿ ಕಳೆದರು. ದಿನಾ ಬೆಳಿಗ್ಗೆ ಮಂಚದಿಂದ ಎತ್ತಿ ಬಿಸಿಲಿಗೆ ಕೂರಿಸುತ್ತಿದ್ದವಳು ನಾನೇ, ಗಟ್ಟಿಗಿತ್ತಿ ಅಲ್ಲವೇ. ಮೂಟೆ ಹೊರುತ್ತಿದ್ದ ಆ ಮೈ ಎಷ್ಟು ಹಗುರವಾಗಿತ್ತೆಂದರೆ, ಚಂದ್ರನ ಮೇಲೆ ಹೀಗೇ ಇರುತ್ತದೇನೋ ಅನಿಸುತ್ತಿತ್ತು. ಒಂದು ದಿನ ಎತ್ತಿಕೊಂಡಾಗ ಅವರ ಹಣೆ ನನ್ನ ಹಣೆಗೆ ತಾಗಿತು. ಇಷ್ಟು ವರ್ಷ ಕಾದದ್ದು ಕೊನೆಗೂ ಸಿಕ್ಕಿತೆಂದು ನಾನು ಅಲುಗಾಡದೆ ನಿಂತೆ. ತಾತ ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡಿದರು.

"ಸುಮಾ ಬಂದ್ಲಾ?" ಎಂದರು.

"ಬರ್ತಾಳೆ ತಾತ," ಎಂದೆ. ಕೆಳಗಿಳಿಸಲು ಮನಸ್ಸಾಗದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಎತ್ತಿಕೊಂಡಿದ್ದೆ.