ಅಡುಗೆಮನೆಯಲ್ಲೊಂದು ಹಗ್ಗ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಜರಡಿ ಮೊರಗಳು ತೂಗುವ ಸಾಲಿನಲ್ಲಿಯೇ, ಹೆಬ್ಬೆರಳ ಗಾತ್ರದ ಹಗ್ಗವೊಂದು ಗೂಟಕ್ಕೆ ಸುರುಳಿ ಸುತ್ತಿಕೊಂಡು ಕೂತಿದೆ. ಬಂದವರು ಅದನ್ನು ಬಾವಿಯ ಹಗ್ಗವೆಂದುಕೊಳ್ಳುತ್ತಾರೆ. ನಳ ಬಂದು ವರ್ಷಗಳೇ ಆದ ಮೇಲೂ ಬಾವಿಹಗ್ಗವನ್ನು ಜೋಪಾನ ಮಾಡುವ ಇವಳೆಂಥ ಜಿಪುಣಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುವವರೂ ಇದ್ದಾರೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ, ಮಿತ್ರರೇ: ಅದು ಜೀಪಿನ ಹಗ್ಗ. ಅದು ಅಡುಗೆಮನೆಗೆ ಬಂದದ್ದು ಹೇಗೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಒಮ್ಮೆ ಘಟ್ಟ ಹತ್ತಿ ಇಳಿಯಬೇಕಾಗುತ್ತದೆ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮವರು ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಘಟ್ಟದ ಗಿಡಗಂಟಿಗಳ ಹುಚ್ಚಿಗೆ ಬಿದ್ದು, ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪೊಂದನ್ನು ಕೊಂಡು ತಂದರು. ತಂದ ಮೇಲೆ ನೆನಪಾಯಿತು, ಕನ್ನಡಕ ಹಾಕಿಕೊಂಡರೂ ತಮಗೆ ಎದುರಿಗೆ ಬರುತ್ತಿರುವುದು ಎಮ್ಮೆಯೋ ಎತ್ತಿನ ಗಾಡಿಯೋ ತಿಳಿಯುವುದಿಲ್ಲವೆಂದು. ಹೀಗೆ ಸ್ಟೇರಿಂಗು ನನ್ನ ಕೈಗೆ ಬಂತು. ಕೆಲಗೇರಿ ಕೆರೆಯ ದಂಡೆಯ ಮೇಲೆ ಒಬ್ಬ ವಯಸ್ಸಾದ ಮಿಸ್ತ್ರಿ ನನಗೆ ಜೀಪು ಓಡಿಸುವುದನ್ನಷ್ಟೇ ಅಲ್ಲ, ಅದರ ಹೊಟ್ಟೆಯ ಕೆಳಗೆ ತೂರಿ ಯಾವ ಎಲುಬು ಯಾವ ಕೀಲಿಗೆ ಸೇರುತ್ತದೆಂದು ನೋಡುವುದನ್ನೂ ಕಲಿಸಿದ. ನಾನು ಛಲೋ ಓಡಿಸುತ್ತಿದ್ದೆ. ಸುಳ್ಳು ವಿನಯ ನನಗೆ ಒಗ್ಗುವುದಿಲ್ಲ.

ನಮ್ಮಂತೆಯೇ ಹರಾಜಿನ ಜೀಪು ಕೊಂಡವರು ಇನ್ನಿಬ್ಬರಿದ್ದರು: ನಾವಿದ್ದ ಮಾಳಮಡ್ಡಿ ಓಣಿಯ ದೇಸಾಯಿ ವಕೀಲರು ಮತ್ತು ಹುಬ್ಬಳ್ಳಿಯ ಒಬ್ಬ ಡಾಕ್ಟರು. ಮೂರು ಮನೆಯವರು ಸೇರಿ 'ನಾಲ್ಕು ಗಾಲಿ ಮಂಡಳಿ' ಕಟ್ಟಿದೆವು. ಯಾವ ಮೋಟಾರಿಗೆ ನಾಲ್ಕು ಗಾಲಿ ಇಲ್ಲ ಎಂದು ನಗಬೇಡಿ. ಉಳಿದವುಗಳಲ್ಲಿ ದುಡಿಯುವುದು ಹಿಂದಿನ ಎರಡೇ, ಮುಂದಿನವು ಗೌಡಕಿ ಮಾಡಿಕೊಂಡು ಸುಮ್ಮನೆ ಉರುಳುತ್ತವೆ. ಜೀಪಿನಲ್ಲಿ ಮಾತ್ರ ಒಂದು ಸಣ್ಣ ಗೇರು ಹಾಕಿದರೆ ನಾಲ್ಕೂ ದುಡಿಯುತ್ತವೆ. ಮಂಡಳಿಗೆ ವಕೀಲರು ಅಧ್ಯಕ್ಷರು, ಅದರ ಏಕೈಕ ಕಾನೂನನ್ನು ಬರೆದವರೂ ಅವರೇ: ಕೆಸರಿನಲ್ಲಿ ಸಿಕ್ಕಿಕೊಂಡವರು ಎಲ್ಲರಿಗೂ ಕೇಳುವಂತೆ 'ಹಗ್ಗ ಬೇಕ್ರೀ!' ಎಂದು ಕೂಗಬೇಕು. ಕೂಗುವವರೆಗೆ ಯಾರೂ ಹಗ್ಗ ಕಟ್ಟುವಂತಿಲ್ಲ. ಕೂಗಿದವರು ಅಂದಿನ ಅಡುಗೆ ಮಾಡಬೇಕು. ಯಾರೂ ಸಿಕ್ಕಿಕೊಳ್ಳದ ದಿನ ಮನೆಯಿಂದ ಕಟ್ಟಿ ತಂದ ಕಟಕ ರೊಟ್ಟಿ, ಚಟ್ನಿಪುಡಿ.

ದೀಪಾವಳಿ ಮುಗಿದ ಮೇಲಿನ ಒಂದು ಶನಿವಾರ, ಮಕ್ಕಳನ್ನು ಉಣಕಲ್ಲಿನ ನನ್ನ ತವರಿನಲ್ಲಿ ಬಿಟ್ಟು ಮಂಡಳಿಯ ಮೊದಲ ಸವಾರಿಗೆ ಹೊರಟೆವು, ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಹೊರಡುವ ಮುಂಚೆ ನಮ್ಮವರಿಗೆ ಒಂದು ಕರಾರು ಹೇಳಿದ್ದೆ: ಗೇಟು ದಾಟಿದಾಗಿನಿಂದ ಮರಳಿ ಗೇಟು ಸೇರುವತನಕ ನಾನು ಒಲೆ ಮುಟ್ಟುವುದಿಲ್ಲ, ನನ್ನ ಜೀಪು ಸಿಕ್ಕಿಕೊಂಡರೆ ಮಾತು ಬೇರೆ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಎರಡು ಬಾಣಂತನ ಬಿಟ್ಟರೆ ಒಲೆ ನನಗೆ ರಜೆ ಕೊಟ್ಟಿರಲಿಲ್ಲ. ಆ ಎರಡು ದಿನಕ್ಕಾಗಿ ನಾನು ಎಷ್ಟು ಆಸೆಪಟ್ಟಿದ್ದೆನೆಂದು ಹೇಳಿದರೆ ನಿಮಗೆ ನಗು ಬಂದೀತು. 'ಆಗಲಿ' ಎಂದರು ನಮ್ಮವರು. ಅವರು ಯಾವುದಕ್ಕೂ ಆಗಲಿ ಎನ್ನುವವರೇ.

ಹಳಿಯಾಳ, ದಾಂಡೇಲಿ ದಾಟಿ, ಗಾಡಿದಾರಿ ಹಿಡಿದು ಏರುತ್ತ ಏರುತ್ತ, ಹೊತ್ತು ಇಳಿಯುವ ಮೊದಲೇ ಘಟ್ಟದ ನೆತ್ತಿಯ ಹುಲ್ಲುಗಾವಲಿಗೆ ಬಂದೆವು. ಡೇರೆ ಹಾಕುವ ಜಾಗಕ್ಕೆ ಮುಂಚೆ ಒಂದು ಜೌಗು ಅಡ್ಡ ಬಂತು. ನಾನು ದಾಟಿದೆ, ಡಾಕ್ಟರು ದಾಟಿದರು. ಅಧ್ಯಕ್ಷರು ನಡುವೆ ಕೂತುಬಿಟ್ಟರು. ಜೀಪು ಗುರ್ರೆನ್ನುತ್ತದೆ, ಕೆಸರು ಹಾರುತ್ತದೆ, ವಕೀಲರು ಮಾತ್ರ ಹಗ್ಗ ಕೇಳಲೊಲ್ಲರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಹಾಗೆ. ಒಂದು ತಾಸು ಕಳೆಯಿತು. ಡಾಕ್ಟರು ಹೊಟ್ಟೆ ಸವರಿಕೊಳ್ಳುತ್ತ ನನ್ನ ಕಡೆ ತಿರುಗಿದರು.

'ವೈನೀ, ಇವರದು ಲಗೂ ಮುಗಿಯೂದಲ್ಲ. ಅಷ್ಟರಾಗ ನೀವು ಒಂದೀಟು ಅವಲಕ್ಕಿಗೆ ಒಗ್ಗರಣಿ ಹಾಕಿದ್ರ...'

ನಾನು ನಮ್ಮವರ ಮುಖ ನೋಡಿದೆ. ಅವರು ಎದ್ದು ಹೋಗಿ ಅವಲಕ್ಕಿ ಡಬ್ಬಿಯನ್ನು ಹುಡುಕಿ ತಂದು ನನ್ನ ಮುಂದೆ ಇಟ್ಟರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಡಬ್ಬಿಯನ್ನು ಅಲ್ಲೇ ಬಿಟ್ಟು, ಸೀರೆಯ ಕಚ್ಚೆ ಬಿಗಿದು, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಜೌಗಿನಲ್ಲಿ ಇಳಿದೆ.

'ವಕೀಲರೇ, ಸಣ್ಣ ಗೇರು ಹಾಕೀರೇನು?'

'ಹಾಕೇನ್ರಿ ವೈನಿ. ಈ ನೆಲಾನೇ ಸರಿ ಇಲ್ಲ.'

'ಕುಣೀಲಾರದಾಕಿ ನೆಲ ಡೊಂಕು ಅಂದಳಂತ' ಎನ್ನುತ್ತ ಹುಲ್ಲು ಸರಿಸಿ ನೋಡಿದೆ. ಹಿಂದಿನ ಗಾಲಿಗಳು ಗರಗರ ತಿರುಗುತ್ತಿದ್ದವು, ಮುಂದಿನವು ಅಲುಗಿರಲಿಲ್ಲ. ಬಗ್ಗಿ ಹೊಟ್ಟೆಯ ಕೆಳಗೆ ಕಣ್ಣು ಹಾಯಿಸಿದೆ. ಇಂಜಿನ್ನಿನ ಕಸುವನ್ನು ಮುಂದಿನ ಗಾಲಿಗಳಿಗೆ ಒಯ್ಯುವ ಕಬ್ಬಿಣದ ದಂಡ, ಶಾಫ್ಟು, ಅಲ್ಲಿ ಇರಲೇ ಇಲ್ಲ.

'ಇದರ ಮುಂದಿನ ಶಾಫ್ಟು ಎಲ್ಲಿ ಅದರಿ?'

ವಕೀಲರು ದಂಡೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. 'ಮನ್ಯಾಗ ಮಂಚದ ಕೆಳಗ ಅದ. ಕೋರ್ಟಿಗೆ ಹೋಗಿ ಬರ್ಲಿಕ್ಕೆ ಎರಡು ಗಾಲಿ ಸಾಕು, ಪೆಟ್ರೋಲು ಉಳೀತದ ಅಂತ ಮಿಸ್ತ್ರಿ ಬಿಚ್ಚಿ ಕೊಟ್ಟ. ವರ್ಷ ಆತು. ಕೈ ಮುಗೀತೀನಿ, ಯಾರ ಮುಂದೂ ಹೇಳಬ್ಯಾಡ್ರಿ.'

'ಹೇಳೂದಿಲ್ಲ. ಹಗ್ಗ ಕೇಳ್ರಿ.'

'ಅಧ್ಯಕ್ಷ ಆಗಿ ಹೆಂಗ ಕೇಳ್ಲಿ?'

'ನೀವು ಕೇಳಲಿಲ್ಲಂದ್ರ ನಾ ಅವಲಕ್ಕಿಗೆ ಒಗ್ಗರಣಿ ಹಾಕಬೇಕಾಗ್ತದ. ಆ ಒಗ್ಗರಣ್ಯಾಗ ನಿಮ್ಮ ಶಾಫ್ಟಿನ ಸುದ್ದೀನೂ ಬೀಳ್ತದ.'

ವಕೀಲರು ಕಣ್ಣು ಮುಚ್ಚಿಕೊಂಡು, ದೊಡ್ಡ ಕೋರ್ಟಿಗೇ ಕೇಳುವಂತೆ, 'ಹಗ್ಗ ಬೇಕ್ರೀ!' ಎಂದು ಕೂಗಿದರು. ಹಗ್ಗ ಕಟ್ಟಿ, ನನ್ನ ಜೀಪಿನಿಂದ ಒಂದೇ ಎಳೆತಕ್ಕೆ ಎಳೆದು ಹಾಕಿದೆ.

ಆ ಸಂಜೆ ಮೂರು ಕಲ್ಲಿನ ಒಲೆಯ ಮುಂದೆ ವಕೀಲರು ಅನ್ನ, ಕಡಲೆಹಿಟ್ಟಿನ ಜುಣಕ ಮಾಡಿದರು. ಅನ್ನ ಮುದ್ದೆಯಾಗಿತ್ತು, ಜುಣಕಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ನಾನು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದೆ. ಬಡಿಸಿದರು, ಉಂಡೆ, ಮತ್ತೆ ಬಡಿಸಿದರು. ಒಲೆಯಿಂದ ಇಳಿದ ಬಿಸಿ ಅನ್ನವನ್ನು ಎಲ್ಲರ ಜೊತೆ ಕೂತು ಉಂಡದ್ದು, ಲಗ್ನವಾಗಿ ಬಂದ ಮೇಲೆ ತವರಿನಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಇರಲಿಲ್ಲ. ಎಷ್ಟು ಸುಖವಾಯಿತೆಂದರೆ, ಇಷ್ಟು ದಿನ ಇದಿಲ್ಲದೆ ಹೇಗಿದ್ದೆನೆಂದು ನನಗೆ ನನ್ನ ಮೇಲೆಯೇ ಕೋಪ ಬಂತು.

ಮರುದಿನ ಇಳಿಯುವಾಗ ಹಳಿಯಾಳದವರೆಗೂ ವಕೀಲರನ್ನು ನೆನೆದು ಒಳಗೊಳಗೇ ನಕ್ಕೆ. ಹಳಿಯಾಳ ದಾಟಿದ ಮೇಲೆ ನಗು ತೆಳ್ಳಗಾಯಿತು. ಅವರು ಸಿಕ್ಕಿಕೊಂಡು ಕೇಳದೆ ಕೂತದ್ದು ಒಂದು ತಾಸು. ನಾನು ಒಂಬತ್ತು ವರ್ಷ. ನಮ್ಮವರು ಕೆಟ್ಟವರಲ್ಲ, ಮಿತ್ರರೇ. ಡಬ್ಬಿ ಇಟ್ಟದ್ದು ಕ್ರೌರ್ಯದಿಂದಲ್ಲ, ಅವಲಕ್ಕಿ ಇರುವುದೇ ಹೆಂಡತಿಯ ಮುಂದೆ ಎಂಬ ಅಭ್ಯಾಸದಿಂದ. ಎಲ್ಲವನ್ನೂ ಒಬ್ಬಳೇ ಎಳೆಯುತ್ತೇನೆಂಬ ಜಂಬದಲ್ಲಿ ನಾನೇ ಮುಂದಿನ ಗಾಲಿಯ ಶಾಫ್ಟು ಬಿಚ್ಚಿ ಮಂಚದ ಕೆಳಗೆ ಇಟ್ಟಿದ್ದೆ. ಸಂಸಾರಕ್ಕೂ ಒಂದು ಸಣ್ಣ ಗೇರು ಇರುತ್ತದೆ. ಬಾಯಿ ಬಿಟ್ಟು ಕೇಳದೆ ಅದು ಬೀಳುವುದಿಲ್ಲ.

ಮನೆ ಸೇರಿದೆವು. ನಮ್ಮವರು ಪಡಸಾಲೆಯಲ್ಲಿ ಆರಾಮಕುರ್ಚಿ ಹಿಡಿದು ಪೇಪರು ಬಿಡಿಸಿದರು. ನಾನು ಜೀಪಿನಿಂದ ಹಗ್ಗ ಇಳಿಸಿ, ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಹೋದೆ. ತಣ್ಣಗಿನ ಒಲೆ, ಹಿಟ್ಟಿನ ಡಬ್ಬಿ, ಉಳ್ಳಾಗಡ್ಡಿಯ ಬುಟ್ಟಿ, ಎಲ್ಲ ನನ್ನನ್ನೇ ಕಾಯುತ್ತಿದ್ದವು. ಹಗ್ಗವನ್ನು ಬಾಗಿಲ ಹಿಂದಿನ ಗೂಟಕ್ಕೆ ಸಿಕ್ಕಿಸಿ, ಮಾಳಮಡ್ಡಿಗೆಲ್ಲ ಕೇಳುವಂತೆ ಕೂಗಿದೆ: 'ಹಗ್ಗ ಬೇಕ್ರೀ!'

ಪೇಪರಿನ ಸಪ್ಪಳ ನಿಂತಿತು. ಘಟ್ಟದ ಜೌಗಿನಲ್ಲೂ ನಾನು ಅಷ್ಟು ಅಂಜಿರಲಿಲ್ಲ. ಆಮೇಲೆ ನಮ್ಮವರು ಬಂದು ಹೊಸ್ತಿಲಲ್ಲಿ ನಿಂತರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಒಲೆಯನ್ನೂ ನನ್ನನ್ನೂ ನೋಡಿದರು.

'ಎಲ್ಲಿ ಕಟ್ಟಲಿ?' ಎಂದರು.

ನಾನು ಉಳ್ಳಾಗಡ್ಡಿಯ ಬುಟ್ಟಿಯನ್ನು ಅವರ ಕಡೆಗೆ ಸರಿಸಿದೆ. ಜೀಪಿಗೆ ಮರುವಾರ ಬೇರೆ ಹಗ್ಗ ತಂದೆವು.