ಗೌಸ ಚಾಚಾ ಕೂಸನ್ನು ಎತ್ತಿಕೊಂಡದ್ದು

ಮಲಾಡಿನ ನಮ್ಮ ಸಾಲುಮನೆಗಳ ಚಾಳಿನ ಗೌಸ ಚಾಚಾ ಮೂವತ್ತು ವರ್ಷ ಕಲ್ಲುಗಣಿಯಲ್ಲಿ ಬಂಡೆ ಸಿಡಿಸಿದವರು. ಸಿಡಿಮದ್ದು ಮುಟ್ಟಿದರೆ ಸಾಕು, ಚರ್ಮದಿಂದ ರಕ್ತಕ್ಕಿಳಿದು ತಲೆ ಒಡೆಯುವಂತೆ ನೋಯುತ್ತದೆ ಎಂದು ನೀರಿನ ನಳದ ಸಾಲಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಕೆಲಸ ಬಿಟ್ಟು ಹತ್ತು ವರ್ಷವಾದರೂ ದಿನಕ್ಕೆ ಇಪ್ಪತ್ತು ಸಲ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುತ್ತಾರೆ. ಚಾಳಿನ ಅರ್ಧ ನೀರು ಅವರ ಕೈಗೇ ಬೇಕು. ಇವತ್ತು ಮಗಳು ಸುಗರಾ ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಬಂದಾಗ, ಸಡಗರದಿಂದ ಓಡಿ ಹೋದವರು ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟರು. “ಎತ್ಕೋರಿ ಅಬ್ಬಾ,” ಎಂದಳು ಸುಗರಾ. “ನೀ ಸಣ್ಣಾಕಿದ್ದಾಗ ನಾ ಎತ್ತಿದ್ರ ಕೈಯಾಗಿನ ಮದ್ದು ಹತ್ತಿ ತಲಿನೋವಿಗೆ ಚೀರತಿದ್ದಿ. ಅದಕ್ಕ ಆಮ್ಯಾಲ ನಿನ್ನ ಎತ್ತಲೇ ಇಲ್ಲ, ಬೇಟಿ,” ಎಂದರು ಚಾಚಾ. ಸುಗರಾ ಕೂಸನ್ನು ಅವರ ತೋಳಿಗೆ ಕೊಟ್ಟಳು. ಬಗ್ಗಿ ಕೂಸಿನ ಮುಖವನ್ನೇ ನೋಡಿದ ಚಾಚಾ, ಇಡೀ ಚಾಳಿಗೆ ಕೇಳುವಂತೆ ಕೂಗಿದರು: “ಬರ್ರಿ, ನೋಡ್ರಿ, ಕೂಸು ಅಳಾಕತ್ತಿಲ್ಲ.”