ಹಿತ್ತಲ ಸಾಲಿ ದೂರ ಮಾಡಿದ ದರ್ಜಿ

ಹುಕ್ಕೇರಿ ಕಡೆ ನಮ್ಮ ಬಾಜೂ ಮನಿಯಾಗ ಒಬ್ಬ ದರ್ಜಿ ಇದ್ದ. ಕೊರಳಾಗಿನ ಟೇಪು, ಬಾಯಾಗಿನ "ಕಾಯಿದೆ ಐತ್ರಿ" ಅನ್ನೂ ಮಾತು, ಎರಡೂ ಇಳೀತಿರಲಿಲ್ಲ. ಮೊಮ್ಮಗಳನ್ನ ಖಾಸಗಿ ಇಂಗ್ಲಿಷ್ ಸಾಲಿಗಿ ಹಾಕಬೇಕು, ಫೀ ಸರಕಾರನ ತುಂಬಬೇಕು ಅಂತ ಅರ್ಜಿ ಹಾಕಿದ. ಮನಿ ಸಮೀಪ ಸರಕಾರಿ ಸಾಲಿ ಇದ್ದವರಿಗೆ ಆ ಪುಕ್ಕಟೆ ಸೀಟು ಸಿಗೂದಿಲ್ಲ. ಇವನ ಹಿತ್ತಲ ಗ್ವಾಡಿ ಆಚೆನ ಸರಕಾರಿ ಸಾಲಿ!

ಸಾಲಿ ಎಷ್ಟು ದೂರ ಐತಿ ಅಂತ ನೋಡಾಕ ಶಿಕ್ಷಣ ಇಲಾಖೆ ಸಾಹೇಬ ಬಂದ. ದರ್ಜಿ ಅವನನ್ನ ಹಳ್ಳ ದಾಟಿಸಿ, ಕಬ್ಬಿನ ಹೊಲ ಸುತ್ತಿಸಿ, ಸಾಲಿ ಅಂಗಳಕ್ಕ ತಂದು ನಿಲ್ಲಿಸಿದ. ಸಾಹೇಬನ ಬೂಟಿನ ತುಂಬ ರಾಡಿ.

"ಖರೇನ ಭಾಳ ದೂರ ಐತಿ ಬಿಡ್ರಿ," ಅಂದ ಸಾಹೇಬ, ತೇಕಾಡ್ಕೋತ.

"ಸಣ್ಣ ಕೂಸು ಹೆಂಗ ನಡದೀತ್ರಿ?" ಅಂತ ದರ್ಜಿ ಕಣ್ಣು ಒರಸ್ಕೊಂಡ.

ಅಷ್ಟರಾಗ ಹಿತ್ತಲ ಗ್ವಾಡಿ ಮ್ಯಾಲ ಅವನ ಹೆಂಡತಿ ಮುಖ ಕಾಣಿಸಿತು. ಎರಡೂ ಕೈಯಾಗ ಚಾದ ಕಪ್ಪು. "ಏನ್ರಿ, ಎಲ್ಲಿಗಿ ಹೋಗಿದ್ರಿ? ಸಾಹೇಬ್ರ ಚಾ ಆರಾಕತ್ತೈತಿ, ಹಿಡೀರಿ!"

ಸಾಹೇಬ ಚಾ ಕುಡದ. ಸೀಟು ಹೋತು. ಮೊಮ್ಮಗಳು ಅದೇ ಸಾಲಿಗಿ ಹೊಂಟಳು. ಗಂಟಿ ಬಾರಿಸಿದ ಮ್ಯಾಲನ ಹಾಸಿಗಿ ಬಿಟ್ಟು ಏಳಾಕಿ.

ದರ್ಜಿ ಸೋಲಲಿಲ್ಲ. ಸಣ್ಣ ಮೊಮ್ಮಗಳ ಅರ್ಜಿ ಹಾಕೂ ಮೊದಲ ಆ ಗ್ವಾಡೀನ ಹೆಂಡತಿ ಕೈ ಮುಟ್ಟದಷ್ಟು ಎತ್ತರ ಕಟ್ಟಿಸಿದ.